ಹಾರಿಹೋದ ಒಂದು ಉತ್ತರ



ನಾನು ಓದಿದ್ದು ವಿಜ್ಞಾನ. ಉದ್ಯೋಗವೆಂದು ಹಿಡಿದದ್ದು ದೂರದರ್ಶನದ ಕಾರ್ಯಕ್ರಮಗಳನ್ನು ತಯಾರಿಸುವ ಕೆಲಸ. ವ್ಯಾಕರಣದ ಪಾಠ ಹೇಳಲು ನಾನು ಪಂಡಿತನಲ್ಲ. ಆದರೂ ಈ ದಿನ ಒಂದೇ ಒಂದು ಕ್ರಿಯಾಪದವನ್ನು ಕುರಿತು ನಿಮ್ಮೊಡನೆ ಮಾತನಾಡಬೇಕೆಂದಿದ್ದೇನೆ. ಅದಕ್ಕೆ ಕಾರಣ ನಾನೇ ಮಾಡಿದ ಒಂದು ತಪ್ಪು.

ಕೆಲವು ವರ್ಷಗಳ ಹಿಂದಿನ ಮಾತು. ಬೆಂಗಳೂರಿನಿಂದ ಕನಕಪುರಕ್ಕೆ ಹೋಗುವ ರಸ್ತೆಯಲ್ಲಿ ಹಾರೋಹಳ್ಳಿ ಸಿಗುತ್ತದೆ. ಈಗ ಅದು ತಾಲ್ಲೂಕು ಕೇಂದ್ರ. ಆ ಕಡೆಯ ಒಂದು ಶಾಲೆಯಲ್ಲಿ ಊರಿನ ಹೆಸರುಗಳ ಬಗ್ಗೆ ಮಕ್ಕಳಿಂದ ಮಾತನಾಡಿಸಿ ಚಿತ್ರೀಕರಿಸುವುದಿತ್ತು. "ಹಾರೋಹಳ್ಳಿ ಅಂದರೆ ಏನಪ್ಪಾ ಅರ್ಥ?" ಎಂದು ಕೇಳಿದೆ. ಮುಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, ಎರಡು ಕೈಗಳನ್ನೂ ರೆಕ್ಕೆಯಂತೆ ಬಡಿದು, "ಹಾರೋ ಹಳ್ಳಿ ಸಾರ್!" ಎಂದ. ತರಗತಿಯೆಲ್ಲ ನಕ್ಕಿತು. ಕ್ಯಾಮೆರಾಕ್ಕೆ ಇದಕ್ಕಿಂತ ಒಳ್ಳೆಯ ದೃಶ್ಯ ಬೇಕೆ? ನನಗೂ ಸಂತೋಷವಾಯಿತು.

ಆಗ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಮೆಲ್ಲಗೆ ಹೇಳಿದಳು: "ಹಾರೋದು ಅಂದ್ರೆ ಓಡೋದು ಅಂತಾನೂ ಆಗುತ್ತೆ ಸಾರ್. ನಮ್ಮನೇಲಿ ತೆಲುಗು. ಪಾರಿಪೋಯಾಡು ಅಂದ್ರೆ ಓಡಿಹೋದ ಅಂತ. ಕಾಲುವೇಲಿ ನೀರೂ ಪಾರುತ್ತೆ." ತರಗತಿ ಮತ್ತೊಮ್ಮೆ ನಕ್ಕಿತು, ಈ ಸಲ ಬೇರೆ ಬಗೆಯ ನಗು. ಅವಳು ಕೂತುಬಿಟ್ಟಳು. ನಾನು ಅವರನ್ನು ತಡೆಯಲಿಲ್ಲ. ಅಷ್ಟೇ ಅಲ್ಲ, ಸಂಕಲನಕ್ಕೆ ಕುಳಿತಾಗ ಅವಳ ಮಾತನ್ನು ಪೂರ್ತಿಯಾಗಿ ಕತ್ತರಿಸಿ ತೆಗೆದೆ. "ವಿಷಯಕ್ಕೆ ಸಂಬಂಧವಿಲ್ಲ, ಅದು ಕನ್ನಡವೂ ಅಲ್ಲ" ಎಂಬುದು ನನ್ನ ತೀರ್ಮಾನವಾಗಿತ್ತು. ಕಾರ್ಯಕ್ರಮ ಪ್ರಸಾರವಾಯಿತು. ರೆಕ್ಕೆ ಬಡಿದ ಹುಡುಗ ಉಳಿದುಕೊಂಡ. ಅವಳ ಉತ್ತರ ಹಾರಿಹೋಯಿತು.

ಅದಾಗಿ ಬಹಳ ದಿನಗಳ ಮೇಲೆ, ಕರಾವಳಿಯಿಂದ ಬಂದ ನನ್ನ ಸಹೋದ್ಯೋಗಿಯೊಬ್ಬರು ಕ್ಯಾಂಟೀನಿನಲ್ಲಿ ಕುಳಿತು ಮನೆಯವರೊಡನೆ ತುಳುವಿನಲ್ಲಿ ಮಾತನಾಡುತ್ತಿದ್ದರು. "ಪಾರ್‌ದ್ ಪೋಯೆ" ಎಂಬ ಮಾತು ಕಿವಿಗೆ ಬಿತ್ತು. ಹಾಗೆಂದರೇನೆಂದು ಕೇಳಿದೆ. "ಓಡಿಹೋದ" ಎಂದರು. ನನಗೆ ಆ ಹುಡುಗಿಯ ನೆನಪಾಯಿತು. ಆ ಸಂಜೆ ನಿಘಂಟು ತೆರೆದೆ. ಮುಂದೆ ಹೇಳುವುದೆಲ್ಲ ಅಲ್ಲಿಂದ ಆರಂಭವಾದ ಹುಡುಕಾಟದ ಫಲ.

ನಾವು ಹಾರಿಸುವ ಬಗೆಗಳು

ಮೊದಲು ನಮ್ಮ ಕನ್ನಡದ 'ಹಾರು' ಎಂಬುದನ್ನೇ ನೋಡೋಣ. ಹಕ್ಕಿ ಹಾರುತ್ತದೆ, ವಿಮಾನ ಹಾರುತ್ತದೆ. ಇಲ್ಲಿ ಹಾರು ಎಂದರೆ ಗಾಳಿಯಲ್ಲಿ ಸಾಗುವುದು. ಆದರೆ ಕಳ್ಳ ಗೋಡೆ ಹಾರಿದಾಗ? ಈಜು ಬಲ್ಲ ಹುಡುಗ ಬಾವಿಗೆ ಹಾರಿದಾಗ? ಅವರಿಗೇನೂ ರೆಕ್ಕೆಗಳಿಲ್ಲ. ಅಲ್ಲಿ ಹಾರು ಎಂದರೆ ಜಿಗಿಯುವುದು, ನೆಗೆಯುವುದು. ಭಯವಾದಾಗ ಎದೆ ಹಾರುತ್ತದೆ; ಅದು ಬಡಿತ. ಬಿಸಿಲಿಗೆ ಬಟ್ಟೆಯ ಬಣ್ಣ ಹಾರುತ್ತದೆ. ಮುಚ್ಚಳ ತೆರೆದಿಟ್ಟ ಸೀಸೆಯಿಂದ ಸ್ಪಿರಿಟ್ ಹಾರಿಹೋಗುತ್ತದೆ. ತೆರೆದಿಟ್ಟ ಕರ್ಪೂರವೂ ಹಾರಿಹೋಗುತ್ತದೆ. ಅದು ಕಣ್ಣಿಗೆ ಕಾಣದಂತೆ ಇಲ್ಲವಾಗುವುದು. ಜೇಬಿನಿಂದ ದುಡ್ಡು ಹಾರಿಸಿದ ಎಂದರೆ ಕದ್ದ. ಕೇಳಿದ ಪ್ರಶ್ನೆಗೆ ನೇರವಾಗಿ ಹೇಳದೆ ನುಣುಚಿಕೊಂಡರೆ ಅದು ಹಾರಿಕೆಯ ಉತ್ತರ. ಸಿಟ್ಟಿನಿಂದ ಕೂಗಾಡುವವನನ್ನು "ಯಾಕೋ ಹೀಗೆ ಹಾರಾಡ್ತೀಯ?" ಎನ್ನುತ್ತೇವೆ.

ಇಷ್ಟೂ ಅರ್ಥಗಳಲ್ಲಿ ಸಮಾನವಾದುದು ರೆಕ್ಕೆಯಲ್ಲ. ಇದ್ದ ಕಡೆಯಿಂದ ಸರ್‍ರನೆ ಬಿಟ್ಟುಹೋಗುವುದು. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಈಗ ನೆರೆಮನೆಗಳಿಗೆ ಹೋಗೋಣ.

ನೆರೆಮನೆಗಳಲ್ಲಿ

ತೆಲುಗಿನಲ್ಲಿ 'ಪಾರು' ಎಂದರೆ ನೀರು ಹರಿಯುವುದು. ಆ ಹುಡುಗಿ ಹೇಳಿದಂತೆ ಕಾಲುವೆಯಲ್ಲಿ ನೀರು ಪಾರುತ್ತದೆ. 'ಪಾರಿಪೋಯಾಡು' ಎಂದರೆ ಓಡಿಹೋದನು. ತುಳುವಿನಲ್ಲಿ 'ಪಾರುನಿ' ಎಂದರೆ ಓಡುವುದು. ಕಾಸರಗೋಡಿನ ಕನ್ನಡಿಗರ ಕಿವಿಗೆ ದಿನವೂ ಬೀಳುವ ಮಲಯಾಳದಲ್ಲಿ, ಹಕ್ಕಿ 'ಪಾರಿಪ್ಪೋಯಿ' ಎಂದರೆ ಹಾರಿಹೋಯಿತು. ಅಂದರೆ ಮಲಯಾಳ ನಮ್ಮ ಅರ್ಥದ ಪಕ್ಕದಲ್ಲಿ ನಿಂತಿದೆ. ತೆಲುಗು, ತುಳುಗಳು ಓಟದ ಅರ್ಥವನ್ನು ಉಳಿಸಿಕೊಂಡಿವೆ.

ಅರ್ಥಗಳು ಹತ್ತಿರದವು ಎಂದಮಾತ್ರಕ್ಕೆ ಪದಗಳು ಒಂದೇ ಬುಡದವು ಎಂದು ಹೇಳಲಾಗದು. ಪ್ರಯೋಗಶಾಲೆಯಲ್ಲಿ ಎರಡು ದ್ರಾವಣಗಳ ಬಣ್ಣ ಒಂದೇ ಆಗಿದ್ದರೆ ಅವು ಒಂದೇ ವಸ್ತುವೆಂದು ಬರೆದುಕೊಡುತ್ತೇವೆಯೆ? ಪರೀಕ್ಷೆ ಮಾಡಬೇಕು. ಭಾಷೆಯಲ್ಲಿಯೂ ಅಂಥ ಪರೀಕ್ಷೆ ಉಂಟು. ಅದು ಧ್ವನಿಗಳ ಬದಲಾವಣೆಯ ನಿಯಮ.

ಹಳಗನ್ನಡದಲ್ಲಿ ಪದದ ಮೊದಲಲ್ಲಿ 'ಪ' ಇದ್ದ ಕಡೆ ಇಂದಿನ ಕನ್ನಡದಲ್ಲಿ 'ಹ' ಬರುತ್ತದೆ. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು, ಪತ್ತು ಹತ್ತಾಯಿತು, ಪೆಸರ್ ಹೆಸರಾಯಿತು, ಪೋಗು ಹೋಗು ಆಯಿತು. ಹತ್ತನೆಯ ಶತಮಾನದ ಹೊತ್ತಿಗೆ ಶಾಸನಗಳಲ್ಲಿ ಈ ಬದಲಾವಣೆ ಕಾಣಿಸಿಕೊಂಡು, ಮುಂದಿನ ಕೆಲವು ಶತಮಾನಗಳಲ್ಲಿ ಭಾಷೆಯನ್ನೆಲ್ಲ ವ್ಯಾಪಿಸಿತು. ಪಂಪನ ಕಾವ್ಯದಲ್ಲಿ 'ಪ' ಇದ್ದ ಜಾಗದಲ್ಲಿ ಕುಮಾರವ್ಯಾಸನಲ್ಲಿ ಹೆಚ್ಚಾಗಿ 'ಹ' ಕಾಣುತ್ತೇವೆ. ತಮಿಳು, ತೆಲುಗು, ತುಳು, ಮಲಯಾಳಗಳು ಮಾತ್ರ 'ಪ'ವನ್ನು ಬಿಡಲಿಲ್ಲ. ಆದ್ದರಿಂದಲೇ ತೆಲುಗಿನವರ ಹಾಲು ಇಂದಿಗೂ ಪಾಲು, ತಮಿಳರ ಹುಲಿ ಇಂದಿಗೂ ಪುಲಿ.

ಈ ನಿಯಮವನ್ನು ಹಿಡಿದು 'ಪಾರಿಪೋಯಾಡು' ಎಂಬುದನ್ನು ನೋಡಿ. ಪಾರಿ ಎಂಬುದರ 'ಪ' ತೆಗೆದು 'ಹ' ಇಟ್ಟರೆ ಹಾರಿ. ಪೋಯಾಡು ಎಂಬುದರ 'ಪೋ' ನಮ್ಮ 'ಹೋ'. ಹಾರಿಹೋದನು! ಒಂದೇ ಮಾತಿನಲ್ಲಿ ಎರಡು ಸಲ ಅದೇ ನಿಯಮ ನಡೆದಿದೆ. ಹಳಗನ್ನಡದಲ್ಲಿ ಈ ಧಾತು 'ಪಾಱು' ಎಂದೇ ಇತ್ತು. ಜಿಗಿ, ಹಾರು ಎಂಬ ಅರ್ಥಗಳ ಜೊತೆಗೆ ಓಡು ಎಂಬ ಅರ್ಥವೂ ಅದಕ್ಕಿತ್ತು. ಬರೋ ಮತ್ತು ಎಮೆನೋ ಎಂಬ ವಿದ್ವಾಂಸರು ೧೯೬೧ರಲ್ಲಿ ಹೊರತಂದು ೧೯೮೪ರಲ್ಲಿ ಪರಿಷ್ಕರಿಸಿದ ದ್ರಾವಿಡ ನಿಷ್ಪತ್ತಿ ಕೋಶದಲ್ಲಿ ಈ ಪದಗಳೆಲ್ಲ ಒಂದೇ ಕುಟುಂಬದವರಾಗಿ ಒಂದೆಡೆ ಕುಳಿತಿವೆ.

ನಾನು 'ಕನ್ನಡವಲ್ಲ' ಎಂದು ಕತ್ತರಿಸಿದ ಮಾತಿನಲ್ಲಿ, ನಮ್ಮ ಕನ್ನಡವೇ ಸಾವಿರ ವರ್ಷಗಳ ಹಿಂದೆ ಆಡುತ್ತಿದ್ದ ರೂಪವಿತ್ತು.

ದೂರದ ಒಂದು ಜೋಡಿ

ಈ ನಿಘಂಟುಗಳ ನಡುವೆ ಕನ್ನಡಿಗರೆಲ್ಲ ಬಲ್ಲ ಹೆಸರೊಂದಿದೆ: ಫರ್ಡಿನಾಂಡ್ ಕಿಟ್ಟೆಲ್. ಅವರು ಹುಟ್ಟಿದ್ದು ೧೮೩೨ರಲ್ಲಿ, ಜರ್ಮನಿಯ ವಾಯವ್ಯ ಮೂಲೆಯ ಪೂರ್ವ ಫ್ರೀಸಿಯಾ ಸೀಮೆಯಲ್ಲಿ. ೧೮೫೩ರಲ್ಲಿ ಭಾರತಕ್ಕೆ ಬಂದರು. ೧೮೭೨ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿ ಪ್ರಕಟಿಸಿದರು. ೧೮೯೪ರಲ್ಲಿ ಮಂಗಳೂರಿನಿಂದ ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು. ಅದರಲ್ಲಿ ಕನ್ನಡ ಪದಗಳ ಪಕ್ಕದಲ್ಲಿಯೇ ತಮಿಳು, ತೆಲುಗು, ಮಲಯಾಳ, ತುಳು ರೂಪಗಳನ್ನು ಜೋಡಿಸಿ ತೋರಿಸಿದ್ದಾರೆ.

ಕಿಟ್ಟೆಲರ ಹುಟ್ಟೂರಿನ ಸೀಮೆ ಹಾಲೆಂಡ್ ದೇಶದ ಗಡಿಗೆ ತಾಗಿಕೊಂಡದ್ದು. ಅತ್ತ ಡಚ್ ಭಾಷೆ, ಇತ್ತ ಜರ್ಮನ್. ಇವೂ ನಮ್ಮ ಕನ್ನಡ-ತೆಲುಗುಗಳಂತೆ ಅಕ್ಕತಂಗಿಯರು. ಇವೆರಡಕ್ಕೂ ಸೇರಿದ ಒಂದು ಕ್ರಿಯಾಪದ ನಮ್ಮ 'ಹಾರು' ಎಂಬುದಕ್ಕೆ ಸೊಗಸಾದ ಜೊತೆಯಾಗಿದೆ. ಡಚ್ಚಿನಲ್ಲಿ ಅದು 'ಲೋಪೆನ್', ಜರ್ಮನಿನಲ್ಲಿ 'ಲೌಫೆನ್'. ಇಂಗ್ಲಿಷಿನಲ್ಲಿ ಅದರ ತಂಗಿ 'ಲೀಪ್'.

ಅರ್ಥ ನೋಡಿ. ಹಾಲೆಂಡಿನವನು 'ಲೋಪೆನ್' ಎಂದರೆ ನಡೆಯುವುದು. ಅದೇ ಡಚ್ ಭಾಷೆಯನ್ನಾಡುವ ಬೆಲ್ಜಿಯಂ ಭಾಗದವನು 'ಲೋಪೆನ್' ಎಂದರೆ ಓಡುವುದು. ಜರ್ಮನಿನಲ್ಲಿ 'ಲೌಫೆನ್' ಎಂದರೆ ಓಡುವುದು, ಮಾತಿನ ಬಳಕೆಯಲ್ಲಿ ನಡೆಯುವುದೂ ಹೌದು. ಅಷ್ಟೇ ಅಲ್ಲ, ನಲ್ಲಿಯಿಂದ ನೀರು ಹರಿಯುವುದಕ್ಕೂ, ಯಂತ್ರ ನಡೆಯುವುದಕ್ಕೂ, ನೆಗಡಿಯಾದಾಗ ಮೂಗು ಸುರಿಯುವುದಕ್ಕೂ ಅದೇ ಪದ. ಇಂಗ್ಲಿಷಿನ 'ಲೀಪ್' ಮಾತ್ರ ನೆಗೆಯುವುದು. ಅಧಿಕ ವರ್ಷಕ್ಕೆ ಇಂಗ್ಲಿಷರು ಇಟ್ಟ ಹೆಸರಿನಲ್ಲಿರುವುದು ಇದೇ ನೆಗೆತ.

ಇನ್ನು ಧ್ವನಿ. ಡಚ್ಚಿನ 'ಪ' ಜರ್ಮನಿನಲ್ಲಿ 'ಫ಼' ಆಗಿದೆ. ಇದು ಒಂದು ಪದದ ಕಥೆಯಲ್ಲ. ಹಡಗಿಗೆ ಇಂಗ್ಲಿಷಿನಲ್ಲಿ ಶಿಪ್, ಡಚ್ಚಿನಲ್ಲಿ ಸ್ಖಿಪ್, ಜರ್ಮನಿನಲ್ಲಿ ಶಿಫ್. ನಿದ್ರಿಸುವುದಕ್ಕೆ ಸ್ಲೀಪ್, ಸ್ಲಾಪೆನ್, ಶ್ಲಾಫೆನ್. ಸಹಾಯ ಮಾಡುವುದಕ್ಕೆ ಹೆಲ್ಪ್, ಹೆಲ್ಪೆನ್, ಹೆಲ್ಫೆನ್. ಕ್ರಿಸ್ತಶಕದ ಮೊದಲ ಸಹಸ್ರಮಾನದಲ್ಲಿ ಜರ್ಮನಿಯ ದಕ್ಷಿಣ ಭಾಗದಲ್ಲಿ ಆರಂಭವಾದ ಬದಲಾವಣೆ ಇದು. ಉತ್ತರದ ತಗ್ಗು ಪ್ರದೇಶಗಳ ಆಡುಮಾತಿಗೆ ಅದು ತಲುಪಲಿಲ್ಲ. ಹೀಗಾಗಿ ಕಿಟ್ಟೆಲರ ಸೀಮೆಯ ಹಳ್ಳಿಗರ ಮಾತಿನಲ್ಲಿ 'ಪ', ಶಾಲೆಯ ಪುಸ್ತಕದ ಜರ್ಮನಿನಲ್ಲಿ 'ಫ಼'.

ಇಲ್ಲಿ ಒಂದು ಎಚ್ಚರಿಕೆ. ಲೋಪೆನ್ ಎಂಬುದಕ್ಕೂ ನಮ್ಮ ಪಾಱು ಎಂಬುದಕ್ಕೂ ಯಾವ ರಕ್ತಸಂಬಂಧವೂ ಇಲ್ಲ. ಅವು ಬೇರೆ ಬೇರೆ ಕುಟುಂಬಗಳ ಪದಗಳು. ಆದರೆ ಪರಸ್ಪರ ಸಂಬಂಧವಿಲ್ಲದ ಎರಡು ಪ್ರಯೋಗಶಾಲೆಗಳಲ್ಲಿ ಒಂದೇ ಬಗೆಯ ಫಲಿತಾಂಶ ಬಂದಾಗ ವಿಜ್ಞಾನಿಗೆ ಧೈರ್ಯ ಬರುತ್ತದಲ್ಲವೆ? ಓಟ, ನೆಗೆತ, ಹರಿವು ಈ ಮೂರೂ ಒಂದೇ ಧಾತುವಿನಿಂದ ಕವಲೊಡೆಯಬಲ್ಲವು ಎಂಬುದಕ್ಕೆ ಇದು ಎರಡನೆಯ ಸಾಕ್ಷಿ.

ಓಟದಿಂದ ಹಾರಾಟಕ್ಕೆ

ಓಡುವುದಕ್ಕೂ ಹಾರುವುದಕ್ಕೂ ಒಂದೇ ಪದ ಹೇಗಾದೀತು ಎಂದು ನಿಮಗೆ ಇನ್ನೂ ಸಂಶಯವಿದ್ದರೆ, ಮನೆಯ ಹಿತ್ತಲಿನಲ್ಲಿ ನಾಟಿಕೋಳಿಯನ್ನು ಅಟ್ಟಿಸಿಕೊಂಡು ಹೋಗಿ ನೋಡಿ. ಮೊದಲು ಅದು ಓಡುತ್ತದೆ. ನೀವು ಹತ್ತಿರವಾದಾಗ ಕುಪ್ಪಳಿಸುತ್ತದೆ. ಇನ್ನೂ ಹತ್ತಿರವಾದರೆ ರೆಕ್ಕೆ ಬಡಿದು ಬೇಲಿಯ ಮೇಲಕ್ಕೆ ಹಾರುತ್ತದೆ. ಎಲ್ಲಿ ಓಟ ಮುಗಿದು ಹಾರಾಟ ಆರಂಭವಾಯಿತೆಂದು ಗೆರೆ ಎಳೆಯಬಲ್ಲಿರಾ?

ಹಾರೋಹಳ್ಳಿಗೆ ದೂರವಲ್ಲದ ರಾಮನಗರದ ರಾಮದೇವರ ಬೆಟ್ಟ ೨೦೧೨ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿತವಾಯಿತು. ಉದ್ದ ಕೊಕ್ಕಿನ ರಣಹದ್ದು ಐದಾರು ಕಿಲೋ ತೂಗುವ ಭಾರೀ ಹಕ್ಕಿ. ಅದು ಬಂಡೆಯ ಅಂಚಿನಿಂದ ಹೊರಟರೆ ಸುಲಭವಾಗಿ ಗಾಳಿಗೆ ಬೀಳುತ್ತದೆ. ಆದರೆ ಅಂಥ ಭಾರದ ಹಕ್ಕಿ ಹೊಟ್ಟೆ ತುಂಬ ತಿಂದು ಸಮತಟ್ಟಾದ ನೆಲದಿಂದ ಏಳಬೇಕಾದರೆ, ಓಡಿ, ಕುಪ್ಪಳಿಸಿ, ವೇಗ ಕೂಡಿಸಿಕೊಂಡು ಮೇಲೇಳಬೇಕು. ರೆಕ್ಕೆಯ ಮೇಲೆ ಸಾಕಷ್ಟು ಗಾಳಿ ಹರಿಯದೆ ಅದನ್ನು ಎತ್ತುವ ಬಲ ಹುಟ್ಟದು. ವಿಮಾನಕ್ಕೆ ಓಡುದಾರಿ ಬೇಕಾಗುವುದೂ ಇದೇ ಕಾರಣಕ್ಕೆ. ಓಡು, ನೆಗೆ, ಹಾರು ಎಂಬುವು ಮೂರು ಬೇರೆ ಕ್ರಿಯೆಗಳಲ್ಲ, ಒಂದೇ ಕ್ರಿಯೆಯ ಮೂರು ಘಟ್ಟಗಳು. ಇದು ನಿಷ್ಪತ್ತಿಯ ಪುರಾವೆಯಲ್ಲ, ಅರ್ಥವಾಗಲೆಂದು ಕೊಟ್ಟ ದೃಷ್ಟಾಂತ. ಒಂದು ಭಾಷೆ ಮೊದಲ ಘಟ್ಟವನ್ನು ಹಿಡಿದುಕೊಂಡಿತು, ಇನ್ನೊಂದು ಕೊನೆಯದನ್ನು.

ಮೋಸ ಮಾಡುವ ಹೋಲಿಕೆಗಳು

ನಿಯಮ ತಿಳಿಯಿತೆಂದು ಕಂಡಕಂಡ ಪದಗಳನ್ನೆಲ್ಲ ಈ ಮೂಲಕ್ಕೆ ಕಟ್ಟಲು ಹೋಗಬೇಡಿ. ನಾನೂ ಮೊದಲು ಹಾಗೆ ಮಾಡಿದೆ. ಹಾರುವ ಹಕ್ಕಿ ಆದ್ದರಿಂದ ಪಾರಿವಾಳ ಎಂದು ಬರೆದಿಟ್ಟುಕೊಂಡೆ. ಆಮೇಲೆ ನೋಡಿದರೆ ಅದು ಸಂಸ್ಕೃತದ 'ಪಾರಾವತ' ಎಂಬುದರಿಂದ ಬಂದದ್ದು. ಅಪಾಯದಿಂದ ಪಾರಾದ ಎಂಬುದು ತೆಲುಗಿನ ಪಾರಿಪೋಯಾಡು ಎಂಬುದಕ್ಕೆ ಎಷ್ಟು ಹತ್ತಿರ! ಆದರೆ ಇಲ್ಲಿನ ಪಾರ ಸಂಸ್ಕೃತದ್ದು, ನದಿಯ ಆಚೆಯ ದಡ ಎಂದು ಅರ್ಥ. ಪಾರಂಗತ ಎಂಬ ಪದದಲ್ಲಿರುವುದೂ ಅದೇ. ಕೊರಳಿನ ಹಾರವೂ ಸಂಸ್ಕೃತದ್ದೇ. ಅದಕ್ಕೆ ಎಂದೂ 'ಪ' ಇರಲಿಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು 'ಹಾರೈಸು'. "ನಿಮಗೆ ಒಳ್ಳೆಯದಾಗಲೆಂದು ಹಾರೈಸುತ್ತೇನೆ" ಎನ್ನುತ್ತೇವಲ್ಲ, ಅದು. ಇದು ಅಚ್ಚಕನ್ನಡದ ಪದ; ಇದರ 'ಹ' ಕೂಡ 'ಪ'ದಿಂದಲೇ ಬಂದದ್ದು. ಆದರೂ ಹಾರಾಟಕ್ಕೆ ಸಂಬಂಧಪಟ್ಟದ್ದಲ್ಲ. ಹಳಗನ್ನಡದಲ್ಲಿ 'ಪಾರ್' ಎಂಬ ಬೇರೊಂದು ಧಾತು ಇತ್ತು. ನೋಡು, ಎದುರುನೋಡು, ಬಯಸು ಎಂದು ಅದರ ಅರ್ಥ. ತಮಿಳರು ದಿನವೂ ಆಡುವ 'ಪಾರ್', ಅಂದರೆ ನೋಡು, ಇದರ ಒಡಹುಟ್ಟು. ಒಳ್ಳೆಯದನ್ನು ಎದುರುನೋಡುವುದೇ ಹಾರೈಕೆ.

ಎರಡು ಧಾತುಗಳು ಬೇರೆ ಎಂದು ಹೇಗೆ ಗೊತ್ತಾಗುತ್ತದೆ? ಹಳಗನ್ನಡದಲ್ಲಿ ಎರಡು ರಕಾರಗಳಿದ್ದವು: ಸಾಮಾನ್ಯವಾದ 'ರ', ಒರಟಾಗಿ ಉಚ್ಚರಿಸುತ್ತಿದ್ದ 'ಱ'. ಎರಡನೆಯದಕ್ಕೆ ಶಕಟರೇಫ ಎಂದು ಹೆಸರು. ಹದಿಮೂರನೆಯ ಶತಮಾನದ ಕೇಶಿರಾಜ ಇದನ್ನು ಕನ್ನಡದ ದೇಶೀಯ ಅಕ್ಷರಗಳಲ್ಲಿ ಒಂದೆಂದು ಎಣಿಸಿದ್ದಾನೆ. ಹಾರು ಎಂಬ ಅರ್ಥದ 'ಪಾಱು' ಎಂಬುದರಲ್ಲಿ ಶಕಟರೇಫ. ನೋಡು ಎಂಬ ಅರ್ಥದ 'ಪಾರ್' ಎಂಬುದರಲ್ಲಿ ಸಾಮಾನ್ಯ ರೇಫ. ಕಾಲಕ್ರಮದಲ್ಲಿ ಶಕಟರೇಫ ಬಿದ್ದುಹೋಯಿತು, 'ಪ' ಎಂಬುದು 'ಹ' ಆಯಿತು, ಬೇರೆ ಬೇರೆ ಮನೆಗಳಿಂದ ಬಂದ ಎರಡು ಪದಗಳು ಒಂದೇ ಮುಖ ಹೊತ್ತು ನಿಂತವು.

ಹಾಗಾದರೆ ಊರಿನ ಹೆಸರು?

ಈಗ ಹಾರೋಹಳ್ಳಿಗೆ ಮರಳೋಣ. ಈ ಹೆಸರಿನಲ್ಲಿ ಎರಡು ಹಕಾರಗಳಿವೆ. ಎರಡನೆಯದು ನಿಸ್ಸಂಶಯ: ಹಳ್ಳಿ ಎಂಬುದು ಹಳಗನ್ನಡದ ಪಳ್ಳಿ. ಮೊದಲನೆಯದನ್ನು ಕುರಿತು ಎರಡು ದಾರಿಗಳಿವೆ. ಓದುವ ಎಂಬುದು ಆಡುಮಾತಿನಲ್ಲಿ ಓದೋ ಆಗುವಂತೆ, ಹಾರುವ ಎಂಬುದು ಹಾರೋ ಆಗುತ್ತದೆ. ರೆಕ್ಕೆ ಬಡಿದ ಹುಡುಗ ಹಿಡಿದದ್ದು ಈ ದಾರಿ. ಆದರೆ 'ಹಾರುವ' ಎಂಬ ಇನ್ನೊಂದು ಪದವುಂಟು. ಬ್ರಾಹ್ಮಣ ಎಂಬ ಅರ್ಥದಲ್ಲಿ ಅದು ವಚನಗಳಲ್ಲಿಯೂ ಬರುತ್ತದೆ. ಅದರ ಹಳಗನ್ನಡ ರೂಪ 'ಪಾರ್ವ', ತಮಿಳಿನಲ್ಲಿ 'ಪಾರ್‍ಪ್ಪಾನ್'. ಇಲ್ಲಿರುವುದು ಸಾಮಾನ್ಯ ರೇಫ. ಹಾರಾಟದ ಶಕಟರೇಫ ಅಲ್ಲ.

ಹಳ್ಳಿಗಳಿಗೆ ನಮ್ಮ ಹಿರಿಯರು ಹೆಸರಿಟ್ಟದ್ದು ಅಲ್ಲಿ ನೆಲೆಸಿದ ಜನರಿಂದ, ಕೆರೆಯಿಂದ, ಮರದಿಂದ, ಕಲ್ಲಿನಿಂದ, ದೇವರಿಂದ. ಮೈಸೂರು, ಮಂಡ್ಯ ಜಿಲ್ಲೆಗಳಲ್ಲಿಯೂ ಹಾರೋಹಳ್ಳಿಗಳಿವೆ. ಇಷ್ಟೊಂದು ಹಳ್ಳಿಗಳು ಹಾರಲಾರವು. ಹಾರುವರ ಹಳ್ಳಿಗಳು ಇಷ್ಟಿರಬಹುದು. ಆದ್ದರಿಂದ ಈ ಹೆಸರನ್ನು ಹಾರುವಹಳ್ಳಿ ಎಂದು ಬಿಡಿಸುವುದೇ ಹೆಚ್ಚು ಯುಕ್ತ. ಯಾವುದೇ ಊರಿನ ಹೆಸರಿನ ವಿಷಯದಲ್ಲಿ ಕೊನೆಯ ಮಾತು ಶಾಸನದ್ದು. ಬಿ. ಎಲ್. ರೈಸ್ ಅವರು ೧೯೦೫ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಅಂದಿನ ಬೆಂಗಳೂರು ಜಿಲ್ಲೆಯ ಶಾಸನಗಳಿವೆ. ಆಗ ಕಾನಕಾನಹಳ್ಳಿ ಎನಿಸಿಕೊಂಡಿದ್ದ ಕನಕಪುರ ತಾಲ್ಲೂಕಿನವೂ ಅಲ್ಲಿವೆ. ದೊಡ್ಡ ಗ್ರಂಥಾಲಯಗಳಲ್ಲಿ ದೊರೆಯುತ್ತದೆ. ಆ ಸೀಮೆಯ ವಿದ್ಯಾರ್ಥಿಗಳು ತಮ್ಮ ತಮ್ಮ ಊರನ್ನು ಅದರಲ್ಲಿ ಹುಡುಕಿ ನೋಡಬಹುದು.

ಕೊನೆಯದಾಗಿ

ನನ್ನ ಆ ಕಾರ್ಯಕ್ರಮದಲ್ಲಿ ಉಳಿದ ಉತ್ತರ ಚೆಲುವಾಗಿತ್ತು, ಆದರೆ ತಪ್ಪು. ಕತ್ತರಿಸಿದ ಉತ್ತರ ಊರಿನ ಹೆಸರನ್ನು ಬಿಡಿಸದಿದ್ದರೂ, ಹಾರು ಎಂಬ ಕ್ರಿಯಾಪದದ ಮೂಲವನ್ನು ಸರಿಯಾಗಿ ಮುಟ್ಟಿತ್ತು. ಅದನ್ನು ಹೇಳಿದ ಹುಡುಗಿಗೆ ಯಾವ ನಿಘಂಟೂ ಬೇಕಾಗಿರಲಿಲ್ಲ. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಒಂದು ಭಾಷೆ ಆಡುವವಳಾದ್ದರಿಂದ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದು ಅವಳಿಗೆ ಸಹಜವಾಗಿತ್ತು. ಕಿಟ್ಟೆಲರು ವರ್ಷಗಟ್ಟಲೆ ಕುಳಿತು ಮಾಡಿದ್ದೂ ಇದೇ ಕೆಲಸವನ್ನು. ಅವರ ಪುಸ್ತಕಕ್ಕೆ ನಾವು ಕೈಮುಗಿಯುತ್ತೇವೆ, ಆ ಹುಡುಗಿಯನ್ನು ನೋಡಿ ನಕ್ಕೆವು.

ನಿಮ್ಮ ತರಗತಿಯಲ್ಲಿಯೂ ಮನೆಯಲ್ಲಿ ತೆಲುಗು, ತಮಿಳು, ತುಳು, ಕೊಡವ, ಉರ್ದು, ಲಂಬಾಣಿ ಮಾತನಾಡುವ ಗೆಳೆಯರಿರಬಹುದು. ಈ ವಾರ ಒಂದು ಕೆಲಸ ಮಾಡಿ. ಒಂದು ಕಾಗದದ ಮೇಲೆ ಹತ್ತು ಕ್ರಿಯಾಪದಗಳನ್ನು ಬರೆಯಿರಿ: ಹೋಗು, ಬಾ, ಕೊಡು, ಕೇಳು, ಹಿಡಿ, ಹಾಡು, ಹೀಗೆ. ಒಬ್ಬೊಬ್ಬ ಗೆಳೆಯನನ್ನೂ ಗೆಳತಿಯನ್ನೂ ಕೇಳಿ, ಅವರ ಮನೆಯ ಮಾತಿನಲ್ಲಿ ಅದಕ್ಕೇನೆನ್ನುತ್ತಾರೆಂದು ಪಕ್ಕದಲ್ಲಿ ಬರೆದುಕೊಳ್ಳಿ. ನಮ್ಮ 'ಹ' ಎಲ್ಲೆಲ್ಲಿ ಅವರ 'ಪ' ಆಗಿದೆ, ಎಲ್ಲೆಲ್ಲಿ ಆಗಿಲ್ಲ ಎಂದು ಗುರುತು ಹಾಕಿ. ಆಗದ ಕಡೆ ಯಾಕೆ ಆಗಿಲ್ಲ ಎಂದು ನಿಮ್ಮ ಗುರುಗಳನ್ನು ಕೇಳಿ. ಆಗ ಯಾರಾದರೂ ವಿಚಿತ್ರವೆನಿಸುವ ಮಾತು ಹೇಳಿದರೆ ನಗುವ ಮೊದಲು ಅದನ್ನು ಬರೆದುಕೊಳ್ಳಿ.

ಆ ಹುಡುಗಿ ಈಗ ಕಾಲೇಜಿಗೆ ಹೋಗುವ ವಯಸ್ಸಿನವಳು. ಎಲ್ಲಿಯಾದರೂ ಈ ಮಾತುಗಳನ್ನು ಕೇಳಿದರೆ ಅಥವಾ ಓದಿದರೆ ಅವಳಿಗೆ ತಿಳಿಯಲಿ: ನೀನು ಹೇಳಿದ್ದು ಸರಿಯಾಗಿತ್ತಮ್ಮ. ತಪ್ಪಿದ್ದು ನನ್ನ ಕತ್ತರಿ.

ನಿಮ್ಮೆಲ್ಲರಿಗೂ ಒಳ್ಳೆಯದನ್ನು ಹಾರೈಸುತ್ತೇನೆ.